ಪೆಟ್ಟಿಗೆಯೊಳಗಿನ ಕಪ್ಪು ಪರದೆ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಸುಳ್ಯದಲ್ಲಿ ಯಾರನ್ನು ಕೇಳಿದರೂ ಹೇಳಿಯಾರು. ಬಂದದ್ದು ಬೇಗ ಹೋಗುವುದಿಲ್ಲ ಎನ್ನುವುದನ್ನೂ ಸೇರಿಸಿ ಹೇಳಿದ್ದರೆ ಒಳ್ಳೆಯದಿತ್ತು. ಆಗ ನಮ್ಮ ವಿಷ್ಣುಪ್ರಸಾದರು ಆ ಸೋಮವಾರ ಸ್ವಲ್ಪ ಯೋಚಿಸಿ ಬಾಯಿ ಬಿಡುತ್ತಿದ್ದರು.

ವಿಷ್ಣುಪ್ರಸಾದರು ನಮ್ಮ ವಾರಪತ್ರಿಕೆಯ ಮಾಲಕರು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕಿನ ಹುಟ್ಟು, ಸಾವು, ಗೃಹಪ್ರವೇಶ, ಸೊಸೈಟಿಯ ಮಹಾಸಭೆ, ಕಬಡ್ಡಿ ಪಂದ್ಯ ಎಲ್ಲವೂ ಶುಕ್ರವಾರ ಬೆಳಿಗ್ಗೆ ನಮ್ಮ ಪತ್ರಿಕೆಯಲ್ಲಿ ಸಿಗುತ್ತವೆ. ನಾನು ಈಶ್ವರಿ, ಪಂಜದವಳು, ಅದರ ನಿಧನ ಪುಟವನ್ನು ಬರೆಯುವವಳು. ಬೇರೆ ಸುದ್ದಿಯನ್ನೂ ಬರೆಯುತ್ತೇನೆ, ಆದರೆ ಜನ ನನ್ನನ್ನು ಗುರುತಿಸುವುದು ಸಾವಿನಿಂದ. ಮದುವೆ ಮನೆಯ ಊಟಕ್ಕೆ ಹೋದರೆ ಕೆಲವು ಮುದುಕರು ನನ್ನನ್ನು ಕಂಡು ಮೆಲ್ಲನೆ ಬೇರೆ ಪಂಕ್ತಿಗೆ ಎದ್ದು ಹೋಗುತ್ತಾರೆ.

ನಿಧನ ಪುಟ ಬರೆಯುವುದರಲ್ಲಿ ಏನು ಮಹಾ ಎಂದು ಕೇಳುವವರು ನಮ್ಮ ಕಡೆಯವರಲ್ಲ. ನಮ್ಮಲ್ಲಿ ಒಂದೊಂದು ಊರಿಗೆ ನಾಲ್ಕೈದು ದುಗ್ಗಪ್ಪರು, ಅಷ್ಟೇ ಚೆನ್ನಪ್ಪರು, ಅಷ್ಟೇ ಮಹಾಬಲರು. ಯಾರು ಯಾರೆಂದು ತಿಳಿಯುವುದು ಮನೆಯ ಹೆಸರಿನಿಂದ. ನೆಕ್ಕರೆಯ ದುಗ್ಗಪ್ಪ ಬೇರೆ, ಪಡ್ಪಿನ ದುಗ್ಗಪ್ಪ ಬೇರೆ. ಮನೆ ಹೆಸರು ಬಿಟ್ಟರೆ ಆ ಮನುಷ್ಯ ಯಾರೂ ಅಲ್ಲ, ಇಲ್ಲವೇ ಊರಿನ ದುಗ್ಗಪ್ಪರೆಲ್ಲ ಅವನೇ. ಅದಕ್ಕೇ ನನ್ನದೊಂದು ಕ್ರಮವಿದೆ. ಸುದ್ದಿ ಫೋನಿನಲ್ಲಿ ಬರಲಿ, ವಾಟ್ಸಪ್ಪಿನಲ್ಲಿ ಬರಲಿ, ಬರೆದು ಮುಗಿಸಿದ ಮೇಲೆ ಆ ಮನೆಗೆ ಫೋನು ಮಾಡಿ ಇಡೀ ಬರಹವನ್ನು ಓದಿ ಹೇಳುತ್ತೇನೆ. ಮನೆಯವರು ಹೌದು ಎಂದ ಮೇಲೆಯೇ ಅದು ಪುಟಕ್ಕೆ ಹೋಗುವುದು.

ಇನ್ನು ನನ್ನ ಕಣ್ಣಿನ ವಿಷಯ. ಎರಡೂ ಕಣ್ಣಿನ ನಡುಭಾಗ ಮಸುಕಾಗಿ ಕೆಲವು ವರ್ಷಗಳಾದವು. ಎದುರಿಗೆ ನಿಂತವರ ಮುಖ ಕಾಣುವುದಿಲ್ಲ, ಕಿವಿ, ಭುಜ, ಕೈಯಲ್ಲಿ ಹಿಡಿದ ಚೀಲ ಕಾಣುತ್ತದೆ. ಇದು ಇಷ್ಟಕ್ಕೇ ನಿಂತರೂ ನಿಂತೀತು, ಗುಣವಂತೂ ಆಗುವುದಿಲ್ಲ ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಮೌಸಿನ ಬಾಣ ನನ್ನ ಪಾಲಿಗೆ ಇಲ್ಲವೇ ಇಲ್ಲ. ಆದರೆ ಕಪ್ಪು ಪರದೆಯ ಮೇಲೆ ಹಳದಿ ಅಕ್ಷರ, ಒಂದೊಂದೂ ಅಡಿಕೆಯಷ್ಟು ದೊಡ್ಡದಾಗಿ ಇದ್ದರೆ, ಮುಖವನ್ನು ಸ್ವಲ್ಪ ಓರೆ ಮಾಡಿ ಚೆನ್ನಾಗಿ ಓದಬಲ್ಲೆ.

ಆ ಕಪ್ಪು ಪರದೆ ನನ್ನ ಎಡಿಟರ್‌ನದ್ದು. ಪತ್ರಿಕೆಯ ಕಚೇರಿಯಲ್ಲಿ ಎಡಿಟರ್ ಎಂದಾಗ ಕನ್ನಡಕದ ಗಂಡಸನ್ನು ಊಹಿಸಬೇಡಿ. ಇದು ಕಂಪ್ಯೂಟರಿನಲ್ಲಿ ಬರೆಯಲು ಇರುವ ಒಂದು ಹಳೆಯ ಪುಕ್ಕಟೆ ಪ್ರೋಗ್ರಾಂ. ನಾನು ಪುತ್ತೂರಿನಲ್ಲಿ ಕಂಪ್ಯೂಟರ್ ಕಲಿಯುವ ಕಾಲದಿಂದ ನನ್ನ ಜೊತೆಗಿದೆ. ಅದಕ್ಕೆ ಮೌಸು ಬೇಡ. ಅದರಲ್ಲಿ ಎರಡು ಸ್ಥಿತಿ. ಒಂದರಲ್ಲಿ ಕೀಬೋರ್ಡ್ ಒತ್ತಿದರೆ ಅಕ್ಷರ ಮೂಡುತ್ತದೆ. ಎಸ್ಕೇಪ್ ಕೀ ಒತ್ತಿದರೆ ಇನ್ನೊಂದು ಸ್ಥಿತಿ, ಆಗ ಅದೇ ಕೀಗಳು ಕೆಲಸಕ್ಕೆ ಇಳಿಯುತ್ತವೆ. ಒಂದು ಒತ್ತಿದರೆ ಪದ ಅಳಿಯುತ್ತದೆ, ಇನ್ನೊಂದು ಒತ್ತಿದರೆ ಸಾಲು ಮೇಲೆ ಹೋಗುತ್ತದೆ, ಮತ್ತೊಂದು ಒತ್ತಿದರೆ ಮುಂದಿನ ಹೆಸರಿಗೆ ಹಾರುತ್ತದೆ. ಹಾಗಾಗಿ ಒಂದು ಸುದ್ದಿ ಬರೆಯುವಾಗ ಎಸ್ಕೇಪ್ ಮೇಲೆ ಬೆರಳು ಎಷ್ಟು ಸಲ ಹೋಗುತ್ತದೋ ಲೆಕ್ಕವಿಲ್ಲ, ಆ ಕೀಯ ಮೇಲಿನ ಅಕ್ಷರ ಸವೆದು ಬೋಳಾಗಿದೆ. ಇದೆಲ್ಲಕ್ಕಿಂತ ದೊಡ್ಡದು, ನಾನೇ ಅದಕ್ಕೆ ಕಲಿಸಿದ ಒಂದು ಬುದ್ಧಿ. ಮನೆ ಹೆಸರಿಲ್ಲದೆ ಯಾರ ಹೆಸರು ಬರೆದರೂ ಅದು ಕೆಂಪಗೆ ಉರಿಯುತ್ತದೆ. ಮನೆ ಹೆಸರು ಸೇರಿಸಿದ ಮೇಲೆ ತಣ್ಣಗಾಗುತ್ತದೆ.

ಆ ಸೋಮವಾರ ವಿಷ್ಣುಪ್ರಸಾದರು ಹೊಸ ಸಾಫ್ಟ್‌ವೇರ್ ಹಾಕಿಸಿದರು. ಅದರ ಹೆಸರು ಪುಟಬಂಧ. ಬರೆಯುವುದು, ಫೋಟೋ ಹುಡುಕುವುದು, ಪುಟ ಕಟ್ಟುವುದು ಎಲ್ಲ ಒಂದೇ ಕಡೆ. ಪುಟ ಕಟ್ಟುವ ಯತಿನ್ ಬೆಳಗಿನಿಂದ ಅದನ್ನು ಹೊಗಳಿ ಹೊಗಳಿ ನನ್ನ ಕಿವಿ ತೂತು ಮಾಡಿದ್ದ. ಚೆನ್ನಾಗಿಯೇ ಇದ್ದಿರಬೇಕು, ನಾನೇನು ಹೊಸತನ್ನು ಕಂಡು ಉರಿದುಕೊಳ್ಳುವವಳಲ್ಲ. ನನ್ನ ತಕರಾರು ಒಂದೇ. ಬರೆಯುವುದಕ್ಕೆ ಅವರು ಕೊಟ್ಟದ್ದು ಪರದೆಯ ಮೂಲೆಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಬಿಳಿಯ ಮೇಲೆ ಬೂದಿ ಬಣ್ಣದ ಅಕ್ಷರ, ಇರುವೆಯಷ್ಟು. ಅದರೊಳಗೇ ಬರೆಯಬೇಕು. ಹೊರಗಿನಿಂದ ತಂದು ಅಂಟಿಸಲು ಬಿಡುವುದಿಲ್ಲ, ಯಾರು ಯಾವಾಗ ಬರೆದರು ಎಂಬುದು ದಾಖಲಾಗಬೇಕಂತೆ.

ನಾನು ಮೂಗು ಪರದೆಗೆ ತಾಗಿಸಿ ಒಂದು ಸುದ್ದಿ ಬರೆದೆ. ಒಂದು ಪದ ತಪ್ಪಿತು. ಅಭ್ಯಾಸದಂತೆ ಬೆರಳು ಎಸ್ಕೇಪ್ ಒತ್ತಿತು. ಪೆಟ್ಟಿಗೆ ಮಾಯವಾಯಿತು, ಬರೆದದ್ದೂ ಹೋಯಿತು. ಪುಟಬಂಧದಲ್ಲಿ ಎಸ್ಕೇಪ್ ಎಂದರೆ ಮುಚ್ಚು ಎಂದರ್ಥ ಎಂದು ಯತಿನ್ ವಿವರಿಸಿದ. ಮತ್ತೆ ಬರೆದೆ, ಮತ್ತೆ ಬೆರಳು ಹೋಯಿತು, ಮತ್ತೆ ಎಲ್ಲ ಹೋಯಿತು. ಆಮೇಲೆ ನಾನು ಕೀಬೋರ್ಡನ್ನು ಹಿಂದಕ್ಕೆ ತಳ್ಳಿ, ಇದರಲ್ಲಿ ನಾನು ಬರೆಯುವುದಿಲ್ಲ, ನನ್ನ ಎಡಿಟರನ್ನು ಇದರೊಳಗೆ ಕೂರಿಸಿ ಕೊಡಿ ಎಂದೆ. ವಿಷ್ಣುಪ್ರಸಾದರು ಕಂಪೆನಿಗೆ ಫೋನು ಮಾಡಿ ಕೇಳಿ, ಆಗುವುದಿಲ್ಲವಂತೆ ಎಂದು ತಿಳಿಸಿದರು. ಮತ್ತೆ ಸ್ವರ ಇಳಿಸಿ ನನ್ನ ಹತ್ತಿರ ಕುಳಿತರು.

“ಅಕ್ಕ, ನಿಮಗೆ ಕಷ್ಟ ಆಗುದು ಬೇಡ ಅಂತ ಹೇಳುದು. ಎದುರಿನ ಮೇಜಲ್ಲಿ ಕೂತು ಫೋನು ತೆಗೊಂಡ್ರೆ ಸಾಕು. ಬರೆಯುದನ್ನು ಯತಿನ್ ನೋಡಿಕೊಳ್ತಾನೆ.”

“ನಂಗೆ ಕಷ್ಟ ಉಂಟು ಅಂತ ನಾನು ಹೇಳಿದ್ದೇನಾ?” ಎಂದೆ. “ಕಷ್ಟ ಇರುದು ನಿಮ್ಮ ಪೆಟ್ಟಿಗೆಗೆ.”

ಫೋನು ತೆಗೆಯುವುದು ಕೀಳು ಕೆಲಸವೆಂದಲ್ಲ. ಆದರೆ ಕಣ್ಣು ಕೈಕೊಟ್ಟಿತು ಎಂದು ಗೊತ್ತಾದ ದಿನ ಮಂಗಳೂರಿನಿಂದ ಬರುವ ಬಸ್ಸಿನಲ್ಲಿ ನಾನು ಅತ್ತದ್ದು ಇನ್ನು ಬರೆಯಲು ಆಗುವುದಿಲ್ಲವಲ್ಲ ಎಂದು. ಜನರ ಮುಖ ಕಾಣದಿದ್ದರೆ ಸ್ವರ ಇದೆ, ನಡಿಗೆ ಇದೆ. ಬರೆಯುವುದಕ್ಕೆ ಬದಲಿ ಏನಿದೆ? ಆ ಕಪ್ಪು ಪರದೆಯಿಂದಾಗಿ ನನ್ನ ಬರವಣಿಗೆ ನಿಲ್ಲಲಿಲ್ಲ. ದೇವರು ಉಳಿಸಿಕೊಟ್ಟದ್ದನ್ನು ಒಂದು ಸಾಫ್ಟ್‌ವೇರ್ ಕಿತ್ತುಕೊಳ್ಳುವುದನ್ನು ನಾನು ಸುಮ್ಮನೆ ನೋಡುತ್ತಾ ಕೂರುವವಳಲ್ಲ. ಎದುರಿನ ಮೇಜಿಗೆ ಹೋಗುವುದಿಲ್ಲ ಎಂದೆ. ಹಾಗಾದರೆ ಈ ವಾರ ರಜೆ ಮಾಡಿ ಎಂದರು. ಮಾಡಿದೆ.

ಶುಕ್ರವಾರ ಪತ್ರಿಕೆ ಬಂತು. ನಿಧನ ಪುಟವನ್ನು ಯತಿನ್ ಬರೆದಿದ್ದ. ನಾನು ಭೂತಗನ್ನಡಿ ಹಿಡಿದು ಓದಲು ಹೋಗಲಿಲ್ಲ, ಹಟದಲ್ಲಿ ಮಡಿಸಿ ಇಟ್ಟೆ. ಸೋಮವಾರ ಮೇಜಿನ ವಿಷಯ ಇತ್ಯರ್ಥ ಮಾಡಲೆಂದೇ ಕಚೇರಿಗೆ ಹೋದೆ. ಹಳೆಗೇಟಿನ ಹತ್ತಿರ ಒಂದು ಬೇಕರಿಯ ಮೇಲಿದೆ ನಮ್ಮ ಕಚೇರಿ. ನಾನು ಕುಳಿತು ಸ್ವಲ್ಪ ಹೊತ್ತಿನಲ್ಲಿ ಯಾರೋ ಮೆಟ್ಟಿಲು ಹತ್ತಿ ಬಂದರು. ಮುಖ ಕಾಣಲಿಲ್ಲ, ಕೈಯಲ್ಲಿ ಸುರುಳಿ ಸುತ್ತಿ ಹಿಡಿದ ಪತ್ರಿಕೆ ಕಂಡಿತು. ಯತಿನ್ ಎದ್ದು ನಿಂತ ಸದ್ದು ಕೇಳಿತು.

“ನಾನು ಅಜ್ಜಾವರದ ನೆಕ್ಕರೆ ದುಗ್ಗಪ್ಪ. ಸತ್ತಿಲ್ಲ,” ಎಂದರು ಬಂದವರು.

ಆದದ್ದು ಇಷ್ಟು. ತೀರಿಹೋದವರು ಪಡ್ಪಿನ ದುಗ್ಗಪ್ಪ ಗೌಡರು, ಪಂಜ ಪುತ್ತೂರು ಬಸ್ಸನ್ನು ಬಹಳ ಕಾಲ ಓಡಿಸಿದ ಡ್ರೈವರು. ಯತಿನ್ ಮನೆ ಹೆಸರನ್ನು ಬರೆದಿದ್ದ, ಆದರೆ ಪುಟಬಂಧದಲ್ಲಿ ಹೆಸರಿಗೆ ಕೊಟ್ಟ ಜಾಗ ಚಿಕ್ಕದು. ‘ಅಜ್ಜಾವರದ ದುಗ್ಗಪ್ಪ ಗೌಡ’ ಎನ್ನುವಷ್ಟರಲ್ಲಿ ಜಾಗ ಮುಗಿದು ಪಡ್ಪು ಕತ್ತರಿಸಿ ಹೋಗಿತ್ತು. ಮತ್ತೆ ಆ ಹೆಸರಿಗೆ ಹಳೆಯ ಫೋಟೋಗಳಲ್ಲಿ ಹುಡುಕಿ, ಸೊಸೈಟಿಯವರು ಸನ್ಮಾನ ಮಾಡಿದಾಗ ತೆಗೆದ ನೆಕ್ಕರೆ ದುಗ್ಗಪ್ಪರ ಫೋಟೋವನ್ನು ಸಾಫ್ಟ್‌ವೇರೇ ತಂದು ಅಂಟಿಸಿತ್ತು. ಶಾಲು ಹೊದ್ದು ನಗುತ್ತಿರುವ ಫೋಟೋ. ಮನೆಗೆ ಫೋನು ಮಾಡಿ ಓದಿ ಹೇಳುವ ಕ್ರಮವನ್ನು ಆ ವಾರ ಯಾರೂ ನೆನಪಿಡಲಿಲ್ಲ.

ವಿಷ್ಣುಪ್ರಸಾದರು ಕುರ್ಚಿ ಎಳೆದು ಹಾಕಿ, ಚಹಾ ತರಿಸಿ, ಕ್ಷಮೆ ಕೇಳಿದರು. ನೆಕ್ಕರೆ ದುಗ್ಗಪ್ಪರು ಕೂಗಾಡುವವರಲ್ಲ. ಶುಕ್ರವಾರದಿಂದ ತನ್ನ ಮನೆಗೆ ಬಂದವರ ಕತೆಯನ್ನು ನಗಾಡುತ್ತಲೇ ಹೇಳಿದರು. ಒಬ್ಬರು ಅಂಗಳದಲ್ಲಿ ಅವರ ಹೆಗಲ ಮೇಲೆಯೇ ತಲೆಯಿಟ್ಟು ಅತ್ತು, ಅರ್ಧ ಅತ್ತ ಮೇಲೆ ಇದು ಯಾರ ಹೆಗಲು ಎಂದು ನೋಡಿದರಂತೆ. ನಗು ಅಲ್ಲಿಗೆ ನಿಂತಿತು.

“ಅದೆಲ್ಲ ತಮಾಷೆ ಅಂತ ಬಿಟ್ಟೆ ಮಾರಾಯ್ರೆ. ಆದ್ರೆ ಪಡ್ಪಿನ ದುಗ್ಗಪ್ಪ ನನ್ನೊಟ್ಟಿಗೆ ಶಾಲೆಗೆ ಬಂದವ. ನಿನ್ನೆ ಆ ಮನೆಗೆ ಹೋದೆ. ಜಗಲಿಯಲ್ಲಿ ಕುರ್ಚಿ ಹಾಕಿ ಇಟ್ಟಿದ್ದಾರೆ, ನೆರೆಕರೆಯವರು ಬಿಟ್ರೆ ಕೂರ್ಲಿಕ್ಕೆ ಜನ ಇಲ್ಲ. ಅವನ ಬಸ್ಸಿನ ಕಂಡಕ್ಟರ್ ಆಗಿದ್ದ ಆದಂ ಕುಂಞಿ ನನ್ನ ಫೋಟೋ ನೋಡಿ ಕಡಬದಿಂದ ನಂಗೆ ಫೋನು ಮಾಡಿದ. ನನ್ನ ಸ್ವರ ಕೇಳಿದ್ದೇ, ಓ, ಸುದ್ದಿ ಸುಳ್ಳು ಅಂತ ಇಟ್ಟೇಬಿಟ್ಟ. ಎಲ್ಲರೂ ಹಾಗೆಯೇ. ಸತ್ತದ್ದು ಯಾರು ಅಂತ ಹೇಳ್ಲಿಕ್ಕೆ ಬಿಡುದಿಲ್ಲ.” ಅವರು ಚಹಾದ ಲೋಟವನ್ನು ಕೆಳಗಿಟ್ಟರು. “ಅವನ ಮಗಳು ತೃಷಾ ಕೇಳಿದಳು, ನನ್ನ ಅಪ್ಪ ಅಷ್ಟು ಕೆಟ್ಟವರಾಗಿದ್ರಾ ದೊಡ್ಡಪ್ಪ, ಒಬ್ಬರೂ ಬರ್ಲಿಲ್ಲ ಅಂತ. ಅದಕ್ಕೆ ಎಂತ ಹೇಳುದು, ನೀವೇ ಹೇಳಿ.”

ನಾನು ಹೇಳಿದ್ದೇ ಸರಿಯಾಯಿತು ಎಂಬ ಖುಷಿ ನನಗೆ ಎಳ್ಳಷ್ಟೂ ಆಗಲಿಲ್ಲ. ಅಷ್ಟು ವರ್ಷ ಮೂರು ತಾಲೂಕಿನ ಜನರನ್ನು ಹತ್ತಿಸಿ ಇಳಿಸಿದ ಮನುಷ್ಯ, ಕೊನೆಗೆ ಅವರ ಜಗಲಿಯ ಕುರ್ಚಿಗಳು ಖಾಲಿ. ಬೊಜ್ಜ ಬರುವ ಶನಿವಾರ ಎಂದು ದುಗ್ಗಪ್ಪರು ಹೇಳಿದರು. ಅಂದರೆ ಶುಕ್ರವಾರದ ಪತ್ರಿಕೆಯಲ್ಲಿ ಸರಿಯಾಗಿ ಬಂದರೆ ಮರುದಿನದ ಉತ್ತರಕ್ರಿಯೆಗಾದರೂ ಜನ ಸೇರಿಯಾರು.

ವಿಷ್ಣುಪ್ರಸಾದರು ತಿದ್ದುಪಡಿ ಹಾಕುತ್ತೇವೆ, ಮನೆ ಹೆಸರಿಗೆ ಬೇರೆ ಜಾಗ ಮಾಡಿಸುತ್ತೇವೆ ಎಂದೆಲ್ಲ ಮಾತು ಕೊಟ್ಟರು. ದುಗ್ಗಪ್ಪರು ಹೋದ ಮೇಲೆ ನಾನು, ಆ ತಿದ್ದುಪಡಿಯನ್ನು ಬರೆಯುವವಳು ನಾನು, ಅದೂ ನನ್ನ ಎಡಿಟರಿನಲ್ಲಿ, ನಿಮ್ಮ ಪುಟಬಂಧದ ಒಳಗೆ ಎಂದೆ. ಕಂಪೆನಿಯವರು ಆಗುವುದಿಲ್ಲ ಎಂದದ್ದನ್ನು ಅವರು ಮತ್ತೆ ನೆನಪಿಸಿದರು. ಕಂಪೆನಿ ಎಲ್ಲಿದೆ ಎಂದು ಕೇಳಿದೆ. ಪುತ್ತೂರಿನ ದರ್ಬೆಯಲ್ಲಿ ಎಂದರು. ಅಮೆರಿಕದಲ್ಲಿ ಇದ್ದಿದ್ದರೆ ನಾನು ಸೋಲುತ್ತಿದ್ದೆನೋ ಏನೋ, ದರ್ಬೆಗೆ ಸುಳ್ಯದಿಂದ ಬಸ್ಸಿದೆ.

ಮಂಗಳವಾರ ಬೆಳಿಗ್ಗೆ ನನ್ನ ಹಳೆಯ ಕೀಬೋರ್ಡನ್ನೂ ಎಡಿಟರ್ ಇರುವ ಪೆನ್‌ಡ್ರೈವನ್ನೂ ಬಟ್ಟೆಚೀಲದಲ್ಲಿ ಹಾಕಿಕೊಂಡು ಹೊರಟೆ. ಮಿಕ್ಸಿ ರಿಪೇರಿ ಅಂಗಡಿಯ ಮೇಲಿನ ಕೋಣೆ, ಕಂಪೆನಿ ಎಂದರೆ ಒಬ್ಬಳೇ ಹುಡುಗಿ. ಹೆಸರು ಚಿನ್ಮಯೀ, ಕೆದಂಬಾಡಿಯವಳು. ಪುಟಬಂಧವನ್ನು ಪೂರ್ತಿ ಅವಳೇ ಬರೆದದ್ದು. ಅವಳು ಸ್ಕೂಟರಿನ ಹೆಲ್ಮೆಟ್ಟನ್ನು ಇನ್ನೂ ತೆಗೆದಿರಲಿಲ್ಲ, ನಾನು ನನ್ನ ಹೆಸರು ಹೇಳಿ ಕುರ್ಚಿಯಲ್ಲಿ ಕುಳಿತಾಗಿತ್ತು.

ಅವಳು ಮೊದಲು ಅಕ್ಷರ ದೊಡ್ಡದು ಮಾಡಿಕೊಡುತ್ತೇನೆ ಎಂದಳು. ನಾನು ಅದು ಕಾಲುಭಾಗ ಮಾತ್ರ ಎಂದೆ. ಕಪ್ಪು ಬಣ್ಣವನ್ನೂ ಹಾಕಿಕೊಡುತ್ತೇನೆ ಎಂದಳು. ಮನೆ ಹೆಸರಿಲ್ಲದಿದ್ದರೆ ಕೆಂಪಾಗುತ್ತದೆಯೇ, ಮೌಸಿಲ್ಲದೆ ಸಾಲು ಹಾರುತ್ತದೆಯೇ ಎಂದು ಕೇಳಿದೆ. ಅದನ್ನೆಲ್ಲ ಹೊಸದಾಗಿ ಬರೆಯಲು ತಿಂಗಳುಗಟ್ಟಲೆ ಬೇಕು ಎಂದಳು. ಬರೆಯಬೇಡಿ, ಬರೆದದ್ದು ನನ್ನ ಹತ್ತಿರ ಇದೆ, ಅದನ್ನೇ ಒಳಗೆ ಕೂರಿಸಿ ಎಂದೆ. ಆಗ ಅವಳಿಗೆ ಸ್ವಲ್ಪ ಸಿಟ್ಟು ಬಂತು, ನನಗೆ ಅವಳು ಅಲ್ಲಿಂದಲೇ ಇಷ್ಟವಾಗತೊಡಗಿದಳು.

“ಕೂರಿಸ್ಲಿಕ್ಕೆ ಆಗುದಿಲ್ಲ ಅಂತ ಅಲ್ಲ,” ಎಂದಳು. “ಆ ಎಡಿಟರನ್ನು ಮುಖ ಇಲ್ಲದೆ ಓಡಿಸ್ಲಿಕ್ಕೆ ಬರ್ತದೆ. ಅದು ಹಿಂದೆ ಕೂತು ಬರಹ ನೋಡಿಕೊಳ್ತದೆ, ಎಲ್ಲಿ ಯಾವ ಅಕ್ಷರ, ಯಾವ ಬಣ್ಣ ಅಂತ ನನ್ನ ಪೆಟ್ಟಿಗೆಗೆ ಹೇಳ್ತದೆ. ಪೆಟ್ಟಿಗೆ ಅದನ್ನು ತೋರಿಸ್ತದೆ ಅಷ್ಟೆ. ಆದ್ರೆ ನನ್ನ ಪ್ರೋಗ್ರಾಮಿನ ಒಳಗೆ ಇನ್ನೊಬ್ಬರ ಪ್ರೋಗ್ರಾಂ ಕೂತು ಎಡವಿದ್ರೆ, ಬೈಗುಳ ಬರುದು ನಂಗೆ.”

ಯಕ್ಷಗಾನದಲ್ಲಿ ಭಾಗವತರು ಹಿಂದೆ ಕೂತು ಆಟ ನಡೆಸುವುದು, ಎದುರು ಕಾಣುವುದು ವೇಷ, ಹಾಗೆಯೋ ಎಂದು ಕೇಳಿದೆ. ಹಾಗೆಯೇ ಎಂದಳು. ಹಾಗಾದರೆ ಆಟ ಶುರುಮಾಡು, ಬೈಗುಳವನ್ನು ನನ್ನ ಹೆಸರಿಗೆ ಕಳಿಸು ಎಂದೆ. ನೀವು ಎನ್ನುತ್ತಿದ್ದವಳು ನೀನು ಎಂಬಲ್ಲಿಗೆ ಬಂದದ್ದು ನನಗೇ ತಿಳಿಯಲಿಲ್ಲ. ಅವಳೂ ಬೇಸರ ಮಾಡಿಕೊಳ್ಳಲಿಲ್ಲ.

ಊಟದ ಹೊತ್ತು ಕಳೆದು ಎಷ್ಟೋ ಸಮಯದ ಮೇಲೆ ಕಪ್ಪು ಪರದೆ ಆ ಪೆಟ್ಟಿಗೆಯೊಳಗೆ ಮೂಡಿತು. ಹಳದಿ ಅಕ್ಷರ, ನನ್ನ ಅಕ್ಷರ, ಬೇರೆಯವರ ಮನೆಯಲ್ಲಿ ನಮ್ಮ ಪಾತ್ರೆ ಕಂಡ ಹಾಗಾಯಿತು. ಕೀಬೋರ್ಡ್ ಜೋಡಿಸಿ ಒಂದು ಸಾಲು ಬರೆದೆ, ಎಸ್ಕೇಪ್ ಒತ್ತಿದೆ. ಎಡಿಟರೂ ಅದನ್ನು ಕೇಳಿತು, ಪುಟಬಂಧವೂ ಕೇಳಿತು. ಪೆಟ್ಟಿಗೆ ಮುಚ್ಚಿ ಕಪ್ಪು ಪರದೆ ಮಾಯವಾಯಿತು.

ಚಿನ್ಮಯೀ ಹಣೆಗೆ ಕೈ ಒತ್ತಿಕೊಂಡು ಕುಳಿತಳು. ಯಾವ ಕೀ ಒತ್ತಿದರೂ ಅದು ಮೊದಲು ಪುಟಬಂಧದ ಕೈಗೆ ಬರುತ್ತದೆ, ಆಮೇಲೆ ಒಳಗಿನವರಿಗೆ, ಹಾಗೆ ಕಟ್ಟಿದ್ದು ಎಂದು ವಿವರಿಸಿದಳು. ಪುಟಬಂಧ ಹಾಕಿಸಿಕೊಂಡ ಬೇರೆ ಪತ್ರಿಕೆಗಳವರಿಗೆಲ್ಲ ಎಸ್ಕೇಪ್ ಎಂದರೆ ಮುಚ್ಚುವುದೆಂದು ಅಭ್ಯಾಸವಾಗಿದೆ. ಅದಕ್ಕೆ ನನಗೆ ಮಾತ್ರ ಬೇರೆ ಯಾವುದಾದರೂ ಕೀ ಇಟ್ಟುಕೊಡುತ್ತೇನೆ, ಎಸ್ಕೇಪಿನ ಕೆಲಸವನ್ನು ಅದರಲ್ಲಿ ಮಾಡಿ ಎಂದಳು.

ಅಲ್ಲಿಯವರೆಗೆ ನಾನು ತಾಳ್ಮೆಯಿಂದಲೇ ಇದ್ದೆ. ಕಣ್ಣು ಹೋದ ಮೇಲೆ ನಾನು ಬರೆಯುವುದು ಬೆರಳಿನಿಂದ. ಬೆರಳಿಗೆ ಗೊತ್ತಿರುವ ದಾರಿಯನ್ನು ಬದಲಿಸು ಎನ್ನುವುದು, ಕತ್ತಲಲ್ಲಿ ನಡೆಯುವವಳ ಮನೆಯ ಮೆಟ್ಟಿಲನ್ನು ಬೇರೆ ಕಡೆ ಇಟ್ಟ ಹಾಗೆ. ಎಲ್ಲರೂ ಅದೇ ಹೇಳುವುದು, ನೀವೇ ಸ್ವಲ್ಪ ಹೊಂದಿಕೊಳ್ಳಿ. ಡಾಕ್ಟರು, ಬಸ್ಸಿನವರು, ಬ್ಯಾಂಕಿನವರು, ವಿಷ್ಣುಪ್ರಸಾದರು. ಹೊಂದಿಕೊಂಡು ಹೊಂದಿಕೊಂಡು ನನ್ನ ಬಳಿ ಉಳಿದದ್ದು ಒಂದು ಕೀಬೋರ್ಡಿನಷ್ಟು ಜಾಗ.

“ನೀನು ಒಂದು ಕೋಣೆ ಬಾಡಿಗೆಗೆ ಕೊಟ್ರೆ, ಅಲ್ಲಿಯ ಒಲೆ ಯಾರು ಹೊತ್ತಿಸುದು, ಯಾರು ಆರಿಸುದು?” ಎಂದು ಕೇಳಿದೆ. “ಕದದ ಹೊರಗೆ ನಿನ್ನ ಕಾರುಬಾರು. ಒಳಗೆ ಇರುವಷ್ಟು ಹೊತ್ತು ಎಸ್ಕೇಪ್ ನನ್ನದು. ನಾನು ಬದಲಾಗುದಿಲ್ಲ.”

ಅವಳು ಉತ್ತರ ಕೊಡುವ ಮೊದಲೇ ನನ್ನ ಫೋನು ಹೊಡೆದುಕೊಂಡಿತು. ವಿಷ್ಣುಪ್ರಸಾದರು. ಎದುರಿನ ಮೇಜು ತಯಾರಾಗಿದೆ, ಕಂಪೆನಿಯವರಿಗೆ ತೊಂದರೆ ಕೊಡದೆ ಬನ್ನಿ, ಒಬ್ಬರಿಗಾಗಿ ಇಡೀ ಸಾಫ್ಟ್‌ವೇರ್ ಬದಲಿಸಲು ಹೇಳುವುದು ಸರಿಯೇ ಎಂದರು. ಒಬ್ಬರಿಗಾಗಿಯೇ, ಪಡ್ಪಿನ ಒಬ್ಬರಿಗಾಗಿ ಎಂದೆ. ಅವರು, ಹ್ಞಾಂ, ಗುರುವಾರ ಮಧ್ಯಾಹ್ನದೊಳಗೆ ಪುಟ ಪ್ರೆಸ್ಸಿಗೆ ಹೋಗಬೇಕು, ಅಷ್ಟರೊಳಗೆ ನಿಮ್ಮದು ಕೂತರೆ ಕೂತಿತು, ಇಲ್ಲದಿದ್ದರೆ ಎದುರಿನ ಮೇಜು, ಆಮೇಲೆ ಈ ಮಾತು ಎತ್ತಬಾರದು ಎಂದರು. ಆಯಿತು ಎಂದು ಫೋನು ಇಟ್ಟೆ.

ಪಡ್ಪಿನವರು ಯಾರು ಎಂದು ಚಿನ್ಮಯೀ ಕೇಳಿದಳು. ಹೇಳಿದೆ, ಕತ್ತರಿಸಿ ಹೋದ ಮನೆ ಹೆಸರು, ನಗುವ ಫೋಟೋ, ಖಾಲಿ ಕುರ್ಚಿ, ತೃಷಾ ಕೇಳಿದ ಮಾತು ಎಲ್ಲ.

“ಕೆದಂಬಾಡಿಯಲ್ಲಿ ನನ್ನ ಅಜ್ಜನನ್ನೂ ಮನೆ ಹೆಸರಿಂದಲೇ ಕರೆಯುದು,” ಎಂದಳು ಅವಳು. “ಹೆಸರಿಗೆ ಜಾಗ ಅಳೆಯುವಾಗ ನಂಗದು ನೆನಪಿಗೇ ಬರ್ಲಿಲ್ಲ ಅಕ್ಕ.”

ಅಂದು ಅವಳು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. ಹೆಸರಿನ ಜಾಗವನ್ನು ಉದ್ದ ಮಾಡಿದಳು, ಫೋಟೋ ತಾನಾಗಿ ಬರುವುದನ್ನು ನಿಲ್ಲಿಸಿದಳು. ಎಡಿಟರ್ ಬೇಡದವರಿಗೆ ಹಳೆಯ ಪೆಟ್ಟಿಗೆಯೇ ಇರುತ್ತದೆ, ಬೇಕಾದವರು ಆರಿಸಿಕೊಂಡರೆ ಕೀಗಳು ಮೊದಲು ಎಡಿಟರಿನ ಕೈಗೆ ಹೋಗುತ್ತವೆ, ಅಲ್ಲಿಂದ ಹೊರಗೆ ಬರಲು ಒಂದೇ ಒಂದು ಕೀ, ಮೇಲಿನ ಸಾಲಿನ ಕೊನೆಯದು. ಇದು ನಮ್ಮಿಬ್ಬರ ಒಪ್ಪಂದ. ನಾನು ಸಂಜೆಯ ಬಸ್ಸಿಗೆ ಹೊರಟಾಗ ಅದು ಇನ್ನೂ ಮುಗಿದಿರಲಿಲ್ಲ. ಬುಧವಾರವೂ ಮುಗಿಯಲಿಲ್ಲ. ಕೀಗಳು ಎಡಿಟರಿಗೆ ಸಿಕ್ಕಿದವು, ಆದರೆ ಕನ್ನಡ ಅಕ್ಷರಗಳು ಅರ್ಧರ್ಧ ಒಡೆದು ಕಾಣುತ್ತಿವೆ ಎಂದು ಫೋನು ಮಾಡಿದಳು. ನಾನು ಎದುರಿನ ಮೇಜನ್ನು ಒಮ್ಮೆ ಮುಟ್ಟಿ ನೋಡಿದೆ. ಒಳ್ಳೆಯ ಮರ, ತೇಗ. ಅದರ ಮೇಲೆ ನನಗೆ ದ್ವೇಷವೇ ಹುಟ್ಟಿತು.

ಗುರುವಾರ ಬೆಳಿಗ್ಗೆ ಅವಳು ಸ್ಕೂಟರಿನಲ್ಲೇ ಸುಳ್ಯಕ್ಕೆ ಬಂದು ಮೆಟ್ಟಿಲು ಹತ್ತಿದಳು. ನೇರ ನನ್ನ ಕಂಪ್ಯೂಟರಿನ ಎದುರು ಕುಳಿತು ಹೊಸದನ್ನು ಹಾಕಿದಳು. ಬೆಂಚಿನಲ್ಲಿ ನೆಕ್ಕರೆ ದುಗ್ಗಪ್ಪರೂ ಇದ್ದರು. ಈ ಸಲ ನಾನು ಬದುಕಿ ಇದ್ದೇನೋ ಇಲ್ಲವೋ ನೋಡಿ ಹೋಗ್ಲಿಕ್ಕೆ ಬಂದೆ ಎಂದಿದ್ದರು. ವಿಷ್ಣುಪ್ರಸಾದರು ನನ್ನ ಬೆನ್ನ ಹಿಂದೆ ನಿಂತು ಹೊತ್ತೆಷ್ಟಾಯಿತೆಂದು ಆಗಾಗ ಕೇಳುತ್ತಿದ್ದರು. ಯತಿನ್ ನಾನು ಕೇಳದೆಯೇ ನನ್ನ ಕೀಬೋರ್ಡನ್ನು ಚೀಲದಿಂದ ತೆಗೆದು ಜೋಡಿಸಿದ.

ಪೆಟ್ಟಿಗೆ ತೆರೆಯಿತು. ಪುಟಬಂಧದ ಬಿಳಿ ಪುಟದ ನಡುವೆ ನನ್ನ ಕಪ್ಪು ಪರದೆ. ‘ಅಜ್ಜಾವರದ ದುಗ್ಗಪ್ಪ ಗೌಡ’ ಎಂದು ಬರೆದೆ, ಅಕ್ಷರ ಒಂದೂ ಒಡೆಯಲಿಲ್ಲ. ಹೆಸರು ಕೆಂಪಗೆ ಉರಿಯಿತು. ಬೆಂಚಿನಲ್ಲಿದ್ದ ದುಗ್ಗಪ್ಪರಿಗೂ ಅದು ಕಂಡಿತು, ಓ ಅದು ಕೇಳುದು ಯಾವ ದುಗ್ಗಪ್ಪ ಅಂತ ಎಂದರು. ‘ಪಡ್ಪು’ ಎಂದು ಸೇರಿಸಿದೆ. ಕೆಂಪು ಆರಿತು. ಮತ್ತೆ ನಾನು ನಿಲ್ಲಲಿಲ್ಲ. ಕಳೆದ ಸಂಚಿಕೆಯಲ್ಲಿ ನಮ್ಮಿಂದ ಆದ ತಪ್ಪನ್ನು ಮುಚ್ಚುಮರೆ ಇಲ್ಲದೆ ಬರೆದೆ. ಅವರು ಓಡಿಸಿದ ಬಸ್ಸು, ಹಬ್ಬದ ದಿನ ಮಕ್ಕಳನ್ನು ತನ್ನ ಸೀಟಿನ ಪಕ್ಕದ ಬಾನೆಟ್ಟಿನ ಮೇಲೆ ಕೂರಿಸಿಕೊಂಡು ಬರುತ್ತಿದ್ದದ್ದು, ಶನಿವಾರದ ಉತ್ತರಕ್ರಿಯೆ, ಮನೆಗೆ ಹೋಗುವ ದಾರಿ ಎಲ್ಲ ಬರೆದೆ. ಬೆರಳು ಎಷ್ಟೋ ಸಲ ಎಸ್ಕೇಪಿಗೆ ಹೋಯಿತು, ಪ್ರತಿ ಸಲವೂ ಪೆಟ್ಟಿಗೆ ಅಲ್ಲೇ ಇತ್ತು. ಬರೆಯುತ್ತಾ ಬರೆಯುತ್ತಾ ಕಣ್ಣು ತುಂಬಿತು, ಆದರೂ ಅಕ್ಷರ ಕಂಡಿತು.

ಮುಗಿದಾಗ ವಿಷ್ಣುಪ್ರಸಾದರು ಸಾಕು ಅಕ್ಕ, ಹೊತ್ತಾಯಿತು ಎಂದರು. ನಾನು ಫೋನು ತೆಗೆದು ಪಡ್ಪಿಗೆ ಹಚ್ಚಿದೆ. ತೃಷಾ ಎತ್ತಿದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ನಿಧಾನವಾಗಿ ಓದಿದೆ.

“ಹೌದು ಅಕ್ಕ,” ಎಂದಳು. “ಅದು ನನ್ನ ಅಪ್ಪ.”

ನಾನು ಫೋನು ಕೆಳಗಿಡುವಷ್ಟರಲ್ಲಿ ವಿಷ್ಣುಪ್ರಸಾದರ ಕೈ ನನ್ನ ಭುಜದ ಪಕ್ಕದಿಂದ ಮುಂದೆ ಬಂತು. ಪುಟ ನೋಡುವ ಅವಸರ ಅವರಿಗೆ. ಪೆಟ್ಟಿಗೆ ಮುಚ್ಚಲೆಂದು ಎಸ್ಕೇಪ್ ಒತ್ತಿದರು. ಏನೂ ಆಗಲಿಲ್ಲ. ಮತ್ತೊಮ್ಮೆ, ಸ್ವಲ್ಪ ಜೋರಾಗಿ ಒತ್ತಿದರು. ಕಪ್ಪು ಪರದೆ ಇದ್ದಲ್ಲೇ ಇತ್ತು.

“ಎಷ್ಟು ಬೇಕಾದ್ರೂ ಒತ್ತಿ,” ಎಂದೆ. “ಅದು ಹೋಗುದಿಲ್ಲ. ನಾನೂ ಹೋಗುದಿಲ್ಲ.”

ಅವರ ಮುಖ ನನಗೆ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಅದು ಕೀಬೋರ್ಡಿನಿಂದ ಹಿಂದೆ ಸರಿದು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತು, ಮತ್ತೆ ಪಕ್ಕದಲ್ಲಿದ್ದ ಕುರ್ಚಿಯನ್ನು ಎಳೆಯಿತು. ಅವರು ನನ್ನ ಪಕ್ಕದಲ್ಲಿ ಕುಳಿತು, ಇನ್ನು ಯಾರದ್ದು ಬರೆಯಲಿಕ್ಕುಂಟು ಅಕ್ಕ ಎಂದು ಕೇಳಿದರು. ಕಡಬದ ಒಬ್ಬರು ಮಹಾಬಲರದ್ದು ಎಂದೆ. ಮನೆ ಹೆಸರು ಎಂತ ಎಂದು ಅವರೇ ಯತಿನ್‌ನನ್ನು ಕೇಳಿದರು.